ಲಾಗ್ ಪುಸ್ತಕದಲ್ಲಿ ನಾನು ಬರೆಯದ ಸಾಲು

ಆ ಸೋಮವಾರ ಸರ್ವರ್ ಕೆಡಲು ಕಾರಣ ನಾನು, ರತ್ನಮ್ಮನವರೇ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ನಿಮಗಂತೂ ಹೇಳಲೇ ಇಲ್ಲ.

2009. ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದು ಒಂದೇ ಸರ್ವರ್, ಅದನ್ನು ನೋಡಿಕೊಳ್ಳುವವನು ನಾನು. ಅದರೊಳಗೆ ಬೇರೆಬೇರೆ ಕಂಪ್ಯೂಟರ್‌ಗಳಂತೆಯೇ ನಡೆಯುವ ಹತ್ತಾರು ವರ್ಚುವಲ್ ಮಷಿನ್‌ಗಳು. ಮಕ್ಕಳ ಪ್ರಾಕ್ಟಿಕಲ್ ಎಲ್ಲ ಅವುಗಳಲ್ಲೇ. ಮೆಮೊರಿಯನ್ನು ದೊಡ್ಡ ಪುಟಗಳಾಗಿ, ಅಂದರೆ ದೊಡ್ಡ ತುಂಡುಗಳಾಗಿ, ಮೊದಲೇ ಕಾದಿರಿಸಿದರೆ ಅವು ಚುರುಕಾಗುತ್ತವೆ ಎಂದು ಓದಿದ್ದೆ. ಸಾದಲಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ — ಹಿಡಿದ ಜಾಗ ಖಾಲಿಯಿದ್ದರೂ ಬೇರೆಯವರು ಕೂರುವಂತಿಲ್ಲ. ಅರ್ಧ ಮೆಮೊರಿ ಹಿಡಿದಿದ್ದರೆ ಸಾಕಿತ್ತು. ಒಂದೊಂದು ಪುಟವೂ ಎರಡು ಎಂ.ಬಿ. ಎಂಬುದನ್ನು ಮರೆತು, ಎಷ್ಟು ಪುಟ ಎಂದು ಬರೆಯಬೇಕಾದ ಕಡೆ ಎಷ್ಟು ಎಂ.ಬಿ. ಎಂದು ಬರೆದೆ. ಲೆಕ್ಕ ಎರಡರಷ್ಟಾಯಿತು. ಅದು ಜಾರಿಗೆ ಬರುವುದು ಸರ್ವರ್ ಆರಿ ಮತ್ತೆ ಶುರುವಾದಾಗ; ಆಗ ಹೆಚ್ಚುಕಡಿಮೆ ಇಡೀ ಮೆಮೊರಿಯೇ ಟವೆಲ್ಲಿನಡಿ, ಸರ್ವರಿನ ಸ್ವಂತ ಕೆಲಸಕ್ಕೇ ಜಾಗವಿಲ್ಲ. ಸೋಮವಾರ ಬಂದು ನೋಡಿದರಾಯಿತೆಂದು ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹತ್ತಿದೆ. ಏನೇ ಬದಲಾಯಿಸಿದರೂ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಿತ್ತು. ಹಾಕಲಿಲ್ಲ. ಅದೆಲ್ಲ ನಿಮ್ಮಂಥವರ ಕೆಲಸ ಎಂಬ ಕೊಬ್ಬು ನನಗೆ.

ನೀವು ಎಲ್ಲವನ್ನೂ ಬರೆಯುತ್ತಿದ್ದಿರಿ. ಆಫೀಸಿನಲ್ಲಿ ಅಟೆಂಡರ್ ಆಗಿದ್ದುಕೊಂಡೇ ಕಂಪ್ಯೂಟರ್ ಕಲಿತು ಲ್ಯಾಬಿಗೆ ಬಂದವರು ನೀವು. "ಕರೆಂಟ್ ಹೋಗಿ ಬಂತು. ಸರ್ವರ್ ಆನ್ ಮಾಡಿದೆ. ರತ್ನಮ್ಮ." ಸೋಮವಾರ ಬೆಳಗಿನ ಆ ದುಂಡನೆಯ ಅಕ್ಷರ ಇನ್ನೂ ಕಣ್ಣಿಗೆ ಕಟ್ಟಿದೆ. ಅಂದೇ ಪರೀಕ್ಷೆ. ಒಂದು ಮಷಿನ್ನೂ ಏಳಲಿಲ್ಲ.

ಪ್ರಿನ್ಸಿಪಾಲರು ಪುಸ್ತಕ ತೆರೆದರು. ಅದರಲ್ಲಿದ್ದದ್ದು ನಿಮ್ಮ ಹೆಸರೊಂದೇ.

"ಏನಮ್ಮ ಒತ್ತಿದ್ರಿ?"

"ಬರೀ ಸ್ವಿಚ್ ಹಾಕಿದ್ದು ಸಾರ್." ನನ್ನ ಕಡೆ ತಿರುಗಿದಿರಿ. "ನೀನಾದ್ರೂ ಹೇಳಪ್ಪ, ಸ್ವಿಚ್ ಹಾಕಿದ್ರೆ ಹಿಂಗಾಗ್ತದಾ?"

ಆಗುವುದಿಲ್ಲ — ಅಷ್ಟೇ ಹೇಳಬೇಕಿತ್ತು. "ನೋಡ್ತೀನಿ ಸಾರ್" ಅಂದೆ. ಪರದೆ ಯಾರಿಗೂ ಕಾಣದಂತೆ ಅಡ್ಡ ಕುಳಿತು, ನಾನೇ ಬರೆದ ಸಂಖ್ಯೆಯನ್ನು ಅಳಿಸಿದೆ. ಅರ್ಧ ಗಂಟೆಯಲ್ಲಿ ಪರೀಕ್ಷೆ ಶುರುವಾಯಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಮರುವಾರ ನಿಮ್ಮನ್ನು ಮತ್ತೆ ಆಫೀಸಿಗೆ ಹಾಕಿದರು, ಗಂಟೆ ಬಾರಿಸಲು, ಫೈಲು ಹೊರಲು. ಹೋಗುವಾಗ "ನೀನಿಲ್ದಿದ್ರೆ ಮಕ್ಕಳ ಗತಿ ಏನಾಗ್ತಿತ್ತಪ್ಪ" ಎಂದು ನನಗೇ ಕೈ ಮುಗಿದಿರಿ. ನಾನು ಆ ಕೈಗಳನ್ನು ತಡೆಯಲೂ ಇಲ್ಲ...

ಹೆದರಿದೆ ಎನ್ನಲೇ? ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಒಂದಿಷ್ಟು ಬೈಗುಳ ತಿನ್ನಬೇಕಿತ್ತು, ಅಷ್ಟೇ. ಅದನ್ನು ತಪ್ಪಿಸಿಕೊಳ್ಳಲು ನಿಮ್ಮ ಕುರ್ಚಿಯನ್ನೇ ಕಿತ್ತುಕೊಂಡೆ. ನಾಚಿಕೆಯಾಗುತ್ತದೆ.

ನಾಳೆ ಬರುತ್ತಿದ್ದೇನೆ — ಮೊದಲು ನಿಮ್ಮ ಮನೆಗೆ, ಆಮೇಲೆ ಕಾಲೇಜಿಗೆ. ನೀವು ಬಾಗಿಲು ತೆರೆಯದಿದ್ದರೂ ಕಾಲೇಜಿನಲ್ಲಿ ಎಲ್ಲರೆದುರು ಹೇಳುತ್ತೇನೆ: ರತ್ನಮ್ಮ ಅಂದು ಬರೀ ಸ್ವಿಚ್ ಹಾಕಿದ್ದು.