ಮೂರನೆಯ ಡಿಸ್ಕಿನ ಕಾಕಾ

ಸಾಫ್ಟ್‌ವೇರ್‌ನವನೆಂಬ ನನ್ನ ಜಂಬ ಇವತ್ತು ಇಳಿಯಿತು, ಸ್ನೇಹಿತರೇ. ಪುಣೆಯ ಭೋಸರಿಯಲ್ಲಿ ನಮ್ಮ ಪಕ್ಕದ ಮನೆಯ ಕಸ್ತೂರಿ ಕಾಕಿಗೆ ಸ್ಮಾರ್ಟ್‌ಫೋನ್ ಇಲ್ಲ, ಹಳೆಯ ಡಿವಿಡಿ ಪ್ಲೇಯರ್ ಇದೆ. ಈಚೆಗೆ ತೀರಿಕೊಂಡ ಅವರ ಗಂಡ, ನಮ್ಮ ಕಾಕಾ, ಕೊನೆಯ ಸಲ ತತ್ವಪದ ಹಾಡಿದ್ದು ನನ್ನ ಫೋನಿನಲ್ಲಿತ್ತು. ಅದನ್ನು ಡಿಸ್ಕಿಗೆ ಹಾಕಿಕೊಟ್ಟೆ.

ಮೊದಲನೆಯದು ಓಡಲೇ ಇಲ್ಲ. ಎರಡನೆಯದರಲ್ಲಿ ದನಿಯಿಲ್ಲ. ಮೂರನೆಯದು ಓಡಿತು, ಆದರೆ ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ಚಿತ್ರ ಟಿವಿಯ ಅಗಲಕ್ಕೆ ಹಿಗ್ಗಿ, ಕಾಯಿಲೆಯಿಂದ ಕಡ್ಡಿಯಾಗಿದ್ದ ಕಾಕಾ ಗುಂಡಗುಂಡಗೆ ಕಂಡರು.

“ಕಾಕಿ, ಅಳತೆ ತಪ್ಪಿದೆ. ಸರಿ ಮಾಡ್ಕೊಂಡು ಬರ್ತೀನಿ,” ಎಂದೆ.

ಕಾಕಿ ಟಿವಿಯಿಂದ ಕಣ್ಣು ಕೀಳಲಿಲ್ಲ. “ಬ್ಯಾಡೋ ಯಪ್ಪಾ, ಇರ್ಲಿ. ದವಾಖಾನಿಗೆ ಹೋಗೂ ಮುಂಚೆ ಹಿಂಗ ಇದ್ರು ನೋಡು.”

ಹಟಕ್ಕೆ ಬಿದ್ದು, ಅಳತೆ ಸರಿಯಿರುವ ನಾಲ್ಕನೆಯದನ್ನೂ ಮಾಡಿಟ್ಟಿದ್ದೇನೆ. ಅದರಲ್ಲಿರುವ ಕಾಕಾರನ್ನು ನೋಡಲು ಈಗ ನನಗೂ ಮನಸ್ಸಾಗುತ್ತಿಲ್ಲ.