ಮೊಳೆ ತಾತನ ಕರಪತ್ರ

ಬೀದಿಯವರಿಗೆಲ್ಲ ಅವರು ಮೊಳೆ ತಾತ. ಹೊಸಬರು ಬಡಗಿಯೆಂದುಕೊಂಡು ಮುರಿದ ಕುರ್ಚಿ ಹೊತ್ತು ತಂದದ್ದೂ ಉಂಟು. ತಾತ ಜೋಡಿಸಿದ್ದು ಅಚ್ಚುಮೊಳೆ. ನಲವತ್ತು ವರ್ಷ ಸೀಸದ ಅಕ್ಷರಗಳನ್ನು ಹೆಕ್ಕಿ ಹೆಕ್ಕಿ ಸಾಲು ಕಟ್ಟಿದವರು.

ಯುದ್ಧ ಶುರುವಾದಾಗ ಅವರಿಗೆ ಇಪ್ಪತ್ತೆರಡು. ಮದುವೆ ಕರೆಯೋಲೆ ಅಚ್ಚಾಗುತ್ತಿದ್ದ ಪ್ರೆಸ್ಸಿನಿಂದ ‘ಗೆಲುವು ನಮ್ಮದೇ’, ‘ಗುಟ್ಟು ಬಿಟ್ಟುಕೊಡಬೇಡಿ’ ಎಂಬ ಭಿತ್ತಿಪತ್ರಗಳು ಹೊರಬೀಳತೊಡಗಿದವು. ಒಂದು ದಿನ ಅವಸರದ ಕರಪತ್ರವೊಂದು ಬಂತು: ಊರು ಬಿಡುವವರು ಹೊಸ ಸೇತುವೆಯಿಂದಲೇ ಹೋಗಬೇಕು, ಹಳೆಯದರತ್ತ ಸುಳಿಯಬಾರದು. ಹನ್ನೆರಡು ಕಟ್ಟು ಲಾರಿ ಹತ್ತಿ ಹೋದ ಮೇಲೆ, ಮೇಜಿನ ಮೇಲೆ ಉಳಿದ ಪ್ರತಿಯನ್ನು ಓದಿದಾಗಲೇ ಅವರಿಗೆ ತಪ್ಪು ಕಂಡದ್ದು. ಹೊಸ ಎನ್ನಬೇಕಾದಲ್ಲಿ ಹಳೆ, ಹಳೆ ಎನ್ನಬೇಕಾದಲ್ಲಿ ಹೊಸ ಜೋಡಿಸಿಬಿಟ್ಟಿದ್ದರು!

ಯಾರಿಗಾದರೂ ತಿಳಿಸುವಷ್ಟರಲ್ಲಿ, ಮರುದಿನವೇ ಮನೆಮಂದಿಯೊಂದಿಗೆ ಅವರೂ ಊರು ಬಿಡಬೇಕಾಯಿತು. ಹಳೆ ಸೇತುವೆಗೆ ಬಾಂಬು ಬಿದ್ದ ಸುದ್ದಿ ದಾರಿಯಲ್ಲಿ ಸಿಕ್ಕಿತು. ಎಷ್ಟು ಜನ ಸತ್ತರೆಂದು ಕೇಳುವ ಧೈರ್ಯ ಆಗಲೂ ಬರಲಿಲ್ಲ, ಊರಿಗೆ ಮರಳಿದ ಮೇಲೂ ಬರಲಿಲ್ಲ. ಹೆಂಡತಿಗೊಬ್ಬಳಿಗೆ ಹೇಳಿದ್ದರು. ಆಕೆ ತೀರಿಕೊಂಡ ಮೇಲೆ ಅದು ಅವರೊಬ್ಬರ ಹೊರೆ.

ಎಂಬತ್ತು ತುಂಬಿದ ವರ್ಷ, ಗ್ರಂಥಾಲಯದ ವಿಶೇಷ ಸಂಗ್ರಹದವರು ಯುದ್ಧಕಾಲದ ಕಾಗದಪತ್ರ ಗುರುತಿಸಲು ಹಳೆಯ ಪ್ರೆಸ್ಸಿನವರನ್ನು ಹುಡುಕುತ್ತಿರುವುದು ಮಗಳಿಗೆ ತಿಳಿಯಿತು.

“ಬಾಪ್ಪ, ಹೋಗಿ ಬರೋಣ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ನನ್ನ ಕಣ್ಣು ಮಂಜು ಕಣಮ್ಮ.”

“ಅಕ್ಕೀಲಿ ಕಲ್ಲು ಮಾತ್ರ ಸರಿಯಾಗಿ ಕಾಣತ್ತೆ, ಅಲ್ವಾ?”

ಬೇರೆ ನೆಪ ಸಿಗದೆ ಹೊರಟರು. ತಣ್ಣನೆಯ ಕೋಣೆ, ಉದ್ದನೆಯ ಮೇಜು. ಗ್ರಂಥಪಾಲಕಿ ಹರಡಿದ ಮೊದಲ ಭಿತ್ತಿಪತ್ರ ನೋಡಿದ್ದೇ ತಾತ ನಕ್ಕರು. “ಈ ‘ಗ’ದ ತಲೆಕಟ್ಟು ಮುರಿದಿದೆ ನೋಡಿ. ನಮ್ದೇ ಪ್ರೆಸ್ಸು. ಹೊಸ ಮೊಳೆ ತರ್ಸಿ ಅಂದ್ರೆ ನಮ್ಮ ಯಜಮಾನ್ರಿಗೆ ಕಿವಿನೇ ಕೇಳಿಸ್ತಿರಲಿಲ್ಲ.”

ಹೀಗೆ ಹತ್ತಾರು ಹಾಳೆ ಗುರುತಿಸಿದರು. ಕೊನೆಗೆ, ನೀರು ಕುಡಿದು, ಕೇಳಿಯೇಬಿಟ್ಟರು. “ಸೇತುವೆ ವಿಷ್ಯದ್ದು… ಒಂದು ಕರಪತ್ರ ಇತ್ತಲ್ಲ?”

ಆಕೆ ಒಳಗಿನಿಂದ ಒಂದು ಪೆಟ್ಟಿಗೆ ತಂದಿಟ್ಟರು. ಅದರಲ್ಲಿ ಒಂದು ಕಟ್ಟು. ಪ್ರೆಸ್ಸಿನಲ್ಲಿ ಕಟ್ಟಿದ ಹುರಿ ಬಿಚ್ಚಿರಲೇ ಇಲ್ಲ. ಮೇಲಿನ ಚೀಟಿಯನ್ನು ಆಕೆಯೇ ಓದಿದರು: “‘ಸೇತುವೆ ಹೆಸರು ಅದಲುಬದಲು. ಹನ್ನೆರಡೂ ಕಟ್ಟು ತಡೆಹಿಡಿದಿದೆ. ಒಂದನ್ನು ಕಡತಕ್ಕಿಟ್ಟು ಉಳಿದದ್ದು ಸುಡುವುದು. ತಿದ್ದಿದ ಪ್ರತಿ ಬೇರೆ ಕಡೆ ಅಚ್ಚಾಗಿ ಹಂಚಿಕೆಯಾಗಿದೆ.’ ಬಾಂಬು ಬಿದ್ದಾಗ ಹಳೆ ಸೇತುವೆ ಮೇಲೆ ಒಬ್ಬರೂ ಇರ್ಲಿಲ್ಲ ತಾತ. ಆ ವರದೀನೂ ಇದರಲ್ಲೇ ಇದೆ.”

“ಇನ್ನೊಂದ್ಸಲ ಓದಮ್ಮ.”

ಆಕೆ ಮತ್ತೆ ಓದಿದರು. ತಾತ ಮೇಜಿನಂಚು ಹಿಡಿದು ನಿಧಾನವಾಗಿ ಕೂತರು. ಕಣ್ಣೀರು ಕಾಗದಕ್ಕೆ ತಾಗದಂತೆ ಮುಖ ಮಾತ್ರ ಪಕ್ಕಕ್ಕೆ ತಿರುಗಿಸಿದರು. ಏನೊಂದೂ ತಿಳಿಯದ ಮಗಳು ಗಾಬರಿಯಾಗಿ ಭುಜ ಹಿಡಿದಾಗ, ಐವತ್ತೆಂಟು ವರ್ಷದ ಕತೆಯನ್ನು ಅಲ್ಲೇ ಹೇಳಿದರು. ಚೀಟಿಯ ಕೆಳಗಿನ ಸಹಿ ಯಾರದೆಂದು ಮೂವರೂ ತಲೆ ಕೆಡಿಸಿಕೊಂಡರು, ಓದಲಾಗಲಿಲ್ಲ.

“ಯಾವ ಪುಣ್ಯಾತ್ಮನೋ, ನನಗಿಂತ ನೆಟ್ಟಗೆ ಓದಿದಾನೆ,” ಎಂದರು ತಾತ.

ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡರು. ಮುಂದಿನ ವಾರ ಯಾರೂ ಕರೆಯದಿದ್ದರೂ, ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಗ್ರಂಥಾಲಯದ ಮೆಟ್ಟಿಲ ಮೇಲಿದ್ದರು.