ಕಲಶಕ್ಕೆ ಹಾಕಿದ ತಾರ್ಸಸ್ ನಾಣ್ಯ

ಫೋಟೋದಿಂದ ವಿಭೂತಿ ಉದುರಿತು, ದೀಪ ತಾನಾಗಿ ಹೊತ್ತಿಕೊಂಡಿತು ಎಂದು ಯಾರಾದರೂ ಹೇಳತೊಡಗಿದರೆ ನಾನು ಮರ್ಯಾದೆಗೆ ತಲೆಯಾಡಿಸಿ, ಕಾಫಿ ಬೆರೆಸುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ನಮಗೆ ಪ್ರಬಂಧ ಕಲಿಸಿದ ಸಿಸ್ಟರ್, ಕಂಡದ್ದನ್ನು ಕಂಡಹಾಗೆ ಬರೆಯಿರಿ, ಬಣ್ಣ ಬಳಿಯಬೇಡಿ ಎನ್ನುತ್ತಿದ್ದರು. ಈಗಲೂ ಹಾಗೆಯೇ ಬರೆಯುತ್ತಿದ್ದೇನೆ. ನೀವು ನಂಬಬೇಕೆಂದು ಕೇಳುವುದಿಲ್ಲ. ಇಷ್ಟು ವರ್ಷಗಳಾದರೂ ಇದನ್ನು ಎಲ್ಲಿ ಇಡಬೇಕೆಂದು ನನಗೇ ತಿಳಿದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಆಗ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೆವು. ನನ್ನ ಯಜಮಾನರಿಗೆ ಕಂಪ್ಯೂಟರ್ ಕೆಲಸ. ಅದು ಹೊಟ್ಟೆಪಾಡಿಗೆ, ಮನಸ್ಸೆಲ್ಲ ಹಳೆಯ ನಾಣ್ಯಗಳ ಮೇಲೆ. ಅದರಲ್ಲೂ ಪರ್ಷಿಯಾದ ಅರಸರ ಕಾಲದ, ಅರಾಮಿಕ್ ಅಕ್ಷರಗಳಿರುವ ಬೆಳ್ಳಿ ನಾಣ್ಯಗಳೆಂದರೆ ಊಟ ಬೇಡ. ಶನಿವಾರ ಬೆಳಿಗ್ಗೆ ಕಿಟಕಿಯ ಪಕ್ಕ ಲೂಪ್ ಎಂಬ ಪುಟ್ಟ ಭೂತಗನ್ನಡಿ ಕಣ್ಣಿಗಿಟ್ಟು ಕೂತರೆ ಸಾರು ಆರಿ ತಣ್ಣಗಾಗುತ್ತಿತ್ತು. ಆ ಅಕ್ಷರಗಳ ಬಗ್ಗೆ ನನಗೂ ಒಂದು ಬಗೆಯ ಅಕ್ಕರೆ ಇತ್ತು. ಯೇಸುವಿನ ಮನೆಮಾತು ಅರಾಮಿಕ್ ಎಂದು ಸಿಸ್ಟರ್ ಹೇಳಿದ್ದು ನೆನಪಿತ್ತು.

ಅವರು ಹೊಸದಾಗಿ ತಂದ ನಾಣ್ಯ ಸಂತ ಪೌಲನ ಊರಾದ ತಾರ್ಸಸ್ಸಿನದು, ಅವನಿಗಿಂತಲೂ ಎಷ್ಟೋ ಹಿಂದಿನದು. ಒಂದು ಬದಿಯಲ್ಲಿ ಗೂಳಿಯ ಮೇಲೆರಗಿದ ಸಿಂಹ. ಇನ್ನೊಂದು ಬದಿಯಲ್ಲಿ ಪೀಠದ ಮೇಲೆ ಕೂತ ದೇವರು. ಕೈಯಲ್ಲಿ ದ್ರಾಕ್ಷಿಗೊಂಚಲು, ಗೋಧಿಯ ತೆನೆ. ಬೆನ್ನ ಹಿಂದೆ ಬಲದಿಂದ ಎಡಕ್ಕೆ ಓದಬೇಕಾದ ನಾಲ್ಕಾರು ಅಕ್ಷರ, ‘ತಾರ್ಸಸ್ಸಿನ ಒಡೆಯ’ ಎಂದು. ಪೀಠದ ಕಾಲಿಗೆ ಅಡ್ಡಲಾಗಿ ಒಂದು ಉಳಿಯ ಗಾಯ. ಒಳಗೂ ಬೆಳ್ಳಿಯೇ ಇದೆಯೇ ಎಂದು ಆ ಕಾಲದ ಯಾವನೋ ವ್ಯಾಪಾರಿ ಕೊರೆದು ನೋಡಿದ್ದಂತೆ. ಕೈಯಲ್ಲಿ ಬಡಿದು ಮಾಡಿದ ನಾಣ್ಯಗಳಾದ್ದರಿಂದ ಒಂದರ ಹಾಗೆ ಇನ್ನೊಂದಿರುವುದಿಲ್ಲ, ಈ ಗಾಯವಂತೂ ಪ್ರಪಂಚದಲ್ಲಿ ಇದೊಂದಕ್ಕೇ ಎಂದು ಅವರು ಮಗುವಿನ ಮಚ್ಚೆ ತೋರಿಸುವವರ ಹಾಗೆ ತೋರಿಸಿದ್ದರು. ನಾಣ್ಯ ಪೂರ್ತಿ ಕಪ್ಪಗಿತ್ತು. ಆ ಕಪ್ಪೇ ಅದರ ವಯಸ್ಸು, ಅದನ್ನು ಉಜ್ಜಿ ತೆಗೆದವರು ನಾಣ್ಯವನ್ನು ಕೊಂದ ಹಾಗೆ ಎಂದು ನಮ್ಮ ಮನೆಯಲ್ಲಿ ಆರು ವರ್ಷದ ಅನುವಿಗೂ ಗೊತ್ತಿತ್ತು.

ಆಗ ನಾನು ಎರಡನೆಯ ಬಸುರಿ. ಬಾಣಂತನಕ್ಕೆಂದು ಅತ್ತೆ ಮೈಸೂರಿನಿಂದ ಬಂದಿದ್ದರು. ಅಂಟಿನುಂಡೆಯ ಸಾಮಾನಿನಿಂದ ಮಗುವಿನ ಕುಲಾವಿಯವರೆಗೆ ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದ ಗಟ್ಟಿ ಹೆಂಗಸು. ಆದರೆ ಬಂದ ಮೇಲೆ ಒಂದೆರಡು ಸಲ ಒಲೆ ಆರಿಸುವುದನ್ನು ಮರೆತರು. ಇಲ್ಲಿನ ಕರೆಂಟ್ ಒಲೆಯಲ್ಲಿ ಉರಿ ಕಾಣುವುದಿಲ್ಲ, ಯಾರಾದರೂ ಮರೆತಾರು. ಅನುವನ್ನು ಅವಳ ಸೋದರತ್ತೆಯ ಹೆಸರಿನಿಂದ ಕರೆದರು. ಯಜಮಾನರು ಒಂದೊಂದನ್ನೂ ಮನಸ್ಸಿನಲ್ಲೇ ಜೋಡಿಸಿಡುತ್ತಿದ್ದರು. "ಅಮ್ಮಂಗೆ ಮರೆವು ಜಾಸ್ತಿ ಆಗ್ತಿದೆ ಕಣೇ. ಮಗೂನ ಇವರ ಕೈಲಿ ಬಿಟ್ಟು ನೀನು ಹೇಗೆ ಮಲಗ್ತೀಯ? ವಾಪಸ್ ಕಳಿಸಿಬಿಡೋದು ಸೇಫ್ ಅನ್ಸುತ್ತೆ" ಎಂದು ನನ್ನೊಡನೆ ಮೆಲ್ಲಗೆ ಹೇಳಿದ್ದರು. ನನಗೋ ಒಳಗೊಳಗೇ ಕಸಿವಿಸಿ. ಅತ್ತೆ ಹಜಾರದಲ್ಲಿ ಕೂತು ಮಗುವಿಗೆಂದು ಹಳೆಯ ಪಂಚೆ ಹರಿದು ಮಡಿಸಿಡುತ್ತಿದ್ದರು. ಆ ಮಡಿಕೆಗಳ ಅಂಚು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರವೇ ಅಟ್ಲಾಂಟಾದಲ್ಲಿ ನಾಣ್ಯದ ಮೇಳ. ಅಲ್ಲಿಗೆ ಬರುವ ಒಬ್ಬ ಪರಿಣತರಿಗೆ ಇದನ್ನು ತೋರಿಸಿ, ಅಸಲಿಯೋ ನಕಲಿಯೋ ಕೇಳಬೇಕೆಂದು ಇವರು ಬೆಳಗಾಗುವ ಮುಂಚೆಯೇ ಹೊರಟರು. "ಹಬ್ಬದ ದಿನ ಲಕ್ಷ್ಮೀನ ಬಿಟ್ಟು ಯಾವನೋ ದ್ರಾಕ್ಷಿ ತಿನ್ನೋ ದೇವರ ಹಿಂದೆ ಹೋಗ್ತೀಯಲ್ಲೋ" ಎಂದು ಅತ್ತೆ ಬಾಗಿಲಲ್ಲೇ ಛೇಡಿಸಿದರು. ಇವರು ನಕ್ಕು, ಅಂಗಿಯ ಜೇಬು ಮುಟ್ಟಿ ನೋಡಿಕೊಂಡು ಕಾರು ಹತ್ತಿದರು.

ಅನುವನ್ನು ಬೇಸಿಗೆ ಶಿಬಿರಕ್ಕೆ ಬಿಟ್ಟುಬಂದು ನಾನು ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದೆ. ಪ್ರತಿ ವರ್ಷ ಕಲಶದ ಅಕ್ಕಿಯೊಳಗೆ ಹಾಕುವ ಬೆಳ್ಳಿ ರೂಪಾಯಿಯನ್ನು ಅತ್ತೆ ಮೈಸೂರಿನಲ್ಲೇ ಬಿಟ್ಟು ಬಂದಿದ್ದರು. ಅದೊಂದು ಕೊರಗು ಅವರಿಗೆ. ಸ್ವಲ್ಪ ಹೊತ್ತಿಗೆ ಸಿಂಕಿನ ಹತ್ತಿರ ನಲ್ಲಿಯ ಸದ್ದಾಯಿತು. ತಿರುಗಿದರೆ ಅತ್ತೆ ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿ ಏನನ್ನೋ ಉಜ್ಜುತ್ತಿದ್ದಾರೆ. ಬೆರಳ ಸಂದಿಯಿಂದ ಕಪ್ಪು ನೀರು ಇಳಿಯುತ್ತಿದೆ.

"ಅತ್ತೆ, ಅದು ಇವರ ನಾಣ್ಯ!"

"ಗೊತ್ತು ಕಣೇ. ಕಿಟಕಿ ಹತ್ರ ಮೇಜಿನ ಮೇಲೆ ಬಿದ್ದಿತ್ತು. ಬೆಳ್ಳಿ ತಾನೇ? ಮಸಿ ಹಿಡಿದಿದ್ದನ್ನ ಲಕ್ಷ್ಮಿಗೆ ಇಡೋಕಾಗುತ್ತಾ?"

ಅದನ್ನು ನನ್ನ ಅಂಗೈ ಮೇಲಿಟ್ಟರು. ಹೊಸ ಲೋಟದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಪೀಠದ ದೇವರು, ದ್ರಾಕ್ಷಿ, ತೆನೆ, ಅಕ್ಷರಗಳು. ಪೀಠದ ಕಾಲಿಗೆ ಅಡ್ಡವಾಗಿ ಆ ಗಾಯ. ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ಉಗುರು ಅದರೊಳಗೆ ಸಿಕ್ಕಿತು. ಅವಸರದಲ್ಲಿ ಇವರು ಅದನ್ನು ಬಿಟ್ಟು ಬೇರೆ ಯಾವುದನ್ನೋ ಜೇಬಿಗೆ ಹಾಕಿಕೊಂಡಿದ್ದಾರೆ ಎಂದುಕೊಂಡೆ. ಆಗಬೇಕಾದ ಅನಾಹುತ ಆಗಿಯೇ ಹೋಗಿತ್ತು. ಅತ್ತೆ ನಾಣ್ಯಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಕ್ಷರಗಳ ಮೇಲೆ ಬೆರಳು ಒತ್ತಿ, ಕಣ್ಣಿಗೊತ್ತಿಕೊಂಡು ಕಲಶಕ್ಕೆ ಹಾಕಿದರು. ಅಕ್ಕಿಯ ಮೇಲೆ ಬಿದ್ದ ಸದ್ದು ಕೇಳಿದೆ. ಮೇಲೆ ಮಾವಿನೆಲೆ, ತೆಂಗಿನಕಾಯಿ, ಲಕ್ಷ್ಮಿಯ ಮುಖ. ಇನ್ನು ಮಾರನೆಯ ಬೆಳಿಗ್ಗೆ ವಿಸರ್ಜನೆಯ ತನಕ ಯಾರೂ ಕಲಶ ಮುಟ್ಟುವ ಹಾಗಿಲ್ಲ.

ಆ ಮಧ್ಯಾಹ್ನ ನಾನು ಕೂತಲ್ಲಿ ಕೂರಲಿಲ್ಲ. ಹಜಾರದಿಂದ ಅಡುಗೆಮನೆ, ಅಡುಗೆಮನೆಯಿಂದ ಹಜಾರ. ಹೊರಗೆ ಪೈನ್ ಮರಗಳಲ್ಲಿ ಜೀರುಂಡೆಗಳು ಒಂದೇ ಸಮ ಕಿರುಚುತ್ತಿದ್ದವು. ಹೊಟ್ಟೆಯಲ್ಲಿ ಮಗುವೂ ಮಗ್ಗುಲು ಬದಲಿಸುತ್ತಲೇ ಇತ್ತು. ಇವರಿಗೆ ಇದು ಗೊತ್ತಾದರೆ ಅತ್ತೆ ಮುಂದಿನ ವಿಮಾನಕ್ಕೇ ವಾಪಸ್ಸು.

ಸಂಜೆ ಮೊಟೆಲಿನಿಂದ ಇವರ ಫೋನ್ ಬಂತು. ದನಿಯಲ್ಲೇ ಸಂಭ್ರಮ. "ಅಸಲಿ ಕಣೇ! ಮಧ್ಯಾಹ್ನ ಅವರು ಲೂಪ್ ಹಿಡ್ಕೊಂಡು ಎಷ್ಟೊತ್ತು ನೋಡಿದ್ರು ಗೊತ್ತಾ!"

"ಯಾವ ನಾಣ್ಯ?" ಎಂದೆ.

"ಯಾವುದು ಅಂದ್ರೆ? ತಾರ್ಸಸ್ಸಿಂದು. ಇಲ್ಲೇ ಕೈಯಲ್ಲಿದೆ."

"ಗಾಯ ಇದೆಯಾ ನೋಡಿ. ಕಪ್ಪಗಿದೆಯಾ?"

"ಇದೆ, ಕಪ್ಪಗೇ ಇದೆ. ಯಾಕೆ, ಏನಾಯ್ತು?"

ಹೇಳಿದೆ. ಮೊದಲು ನಕ್ಕರು. "ಅಮ್ಮ ಯಾವುದೋ ಇಪ್ಪತ್ತೈದು ಸೆಂಟಿನ ಕ್ವಾರ್ಟರ್ ಹಾಕಿರ್ತಾರೆ. ಅವರು ಹೇಳಿದ್ದನ್ನ ಕೇಳಿ ನಿಂಗೂ ಹಾಗೇ ಕಂಡಿರುತ್ತೆ" ಎಂದರು. ನನ್ನ ಅಂಗೈ ನೋಡಿಕೊಂಡೆ. ಗೆರೆಗಳಲ್ಲಿ ಇನ್ನೂ ವಿಭೂತಿಯಿತ್ತು.

ಮರುದಿನ ಬೆಳಿಗ್ಗೆ ವಿಸರ್ಜನೆ ಮಾಡಿ, ಅತ್ತೆ ಕಲಶದ ಅಕ್ಕಿಯನ್ನು ತಟ್ಟೆಗೆ ಸುರಿದರು. ಅಡಿಕೆ ಬಂತು, ಅರಿಶಿನದ ಕೊಂಬು, ಉತ್ತುತ್ತೆ, ಬಾದಾಮಿ ಬಂದವು. ನಾಣ್ಯ ಬರಲಿಲ್ಲ. ಅತ್ತೆ ಅಕ್ಕಿಯನ್ನು ಹರಡಿ ಕಾಳುಕಾಳಾಗಿ ಕೆದಕಿದರು. ಕಲಶವನ್ನು ಬೋರಲು ಹಾಕಿ ತಟ್ಟಿದರು. ಕ್ವಾರ್ಟರೂ ಇರಲಿಲ್ಲ. ಅನು ಇನ್ನೂ ಎದ್ದಿರಲಿಲ್ಲ. ಮನೆಗೆ ಬೇರೆ ಯಾರೂ ಬಂದಿರಲಿಲ್ಲ. ಅತ್ತೆ ಮತ್ತೆ ಮೊದಲಿನಿಂದ ಅಕ್ಕಿ ಕೆದಕತೊಡಗಿದರು.

ಭಾನುವಾರ ಇವರು ಬಂದವರು, ತಾಯಿಯನ್ನು ಮಗುವಿನ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡು ಮೆತ್ತಗೆ ಮಾತಾಡಿದರು. ಸ್ವಲ್ಪ ದಿನ ಮೈಸೂರಲ್ಲಿ ಅಣ್ಣನ ಮನೇಲಿ ರೆಸ್ಟ್ ತಗೊಳ್ಳಿ, ಬಾಣಂತನ ಇಲ್ಲಿ ಹೇಗೋ ಆಗುತ್ತೆ ಎಂದರು. ಆ ಮೆತ್ತನೆಯ ಮಾತಿಗೇ ಅತ್ತೆಯ ಮುಖ ಇಳಿದುಹೋಯಿತು. ನನ್ನ ಕಡೆ ತಿರುಗಿದರು.

"ನೀನೂ ನೋಡಿದೆ ಅಲ್ವೇನೇ?"

"ನೋಡಿದೆ ಅತ್ತೆ. ಕೈಯಲ್ಲಿ ಹಿಡ್ಕೊಂಡು ನೋಡಿದೆ" ಎಂದೆ. "ಅವರಿಗೆ ಮರೆವು ಅನ್ನೋದಾದ್ರೆ ನನಗೂ ಅನ್ನಿ. ಮಗೂನ ಯಾರ ಕೈಲಿ ಕೊಡ್ತೀರ ಆಗ?"

ಇವರು ಉಸಿರೆಳೆದುಕೊಂಡು, ವಾದ ಮುಗಿಸಲೆಂದೇ ಜೇಬಿನಿಂದ ನಾಣ್ಯ ತೆಗೆದು ಮೇಜಿನ ಮೇಲಿಟ್ಟರು. ಇದ್ದಿಲಿನಷ್ಟು ಕಪ್ಪು. ಉಜ್ಜಿದ ಗುರುತಿಲ್ಲ. "ಸಾಕಾ?" ಎಂದರು. ನಾನು ಅವರ ಲೂಪ್ ತೆಗೆದುಕೊಂಡು ಬಗ್ಗಿ ನೋಡಿದೆ. ದ್ರಾಕ್ಷಿ, ತೆನೆ, ಗಾಯ. ಆಮೇಲೆ ಲೂಪನ್ನು ಅವರಿಗೆ ಕೊಟ್ಟೆ. ದೇವರ ಬೆನ್ನ ಹಿಂದಿನ ಅಕ್ಷರಗಳ ಗೀರುಗಳಲ್ಲಿ, ಅಲ್ಲಿ ಮಾತ್ರ, ಕೆಂಪು ತುಂಬಿತ್ತು.

ಅವರು ಬಹಳ ಹೊತ್ತು ನೋಡಿದರು. ಬೆಳ್ಳಿಯಲ್ಲಿ ಬೆರೆತ ತಾಮ್ರ ಹಳತಾದರೆ ಹೀಗೆ ಕೆಂಪು ಬರುವುದುಂಟು ಎಂದರು. ಮುಂಚೆ ಇತ್ತೇ ಎಂದು ಕೇಳಿದೆ. "ಗಮನಿಸಿರಲಿಲ್ಲ" ಎಂದರು. ಆ ನಾಣ್ಯದ ಮೈಮೇಲಿನ ಒಂದೊಂದು ಗೆರೆಯನ್ನೂ ಬಲ್ಲ ಮನುಷ್ಯ.

ಅತ್ತೆಯನ್ನು ಕಳಿಸುವ ಮಾತು ಮತ್ತೆ ಬರಲಿಲ್ಲ. ಚಳಿಗಾಲ ಬರುವ ಮುಂಚೆ ನಮ್ಮ ಎರಡನೆಯ ಮಗಳು ಹುಟ್ಟಿದಳು. ಅತ್ತೆ ಕಾಲು ನೀಡಿ ಕೂತು, ಮೊಣಕಾಲ ಮೇಲೆ ಅವಳನ್ನು ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವಾಗ, ಇವರು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಅತ್ತೆ ಕೊನೆಯವರೆಗೂ ಯಾರ ಹೆಸರನ್ನೂ, ಯಾವ ಹಬ್ಬವನ್ನೂ ಮರೆಯದೆ ಬಾಳಿದರು.

ನಾಣ್ಯ ಈಗಲೂ ನಮ್ಮಲ್ಲಿದೆ. ಆ ಕೆಂಪು ತಾಮ್ರವೋ ಕುಂಕುಮವೋ ಪರೀಕ್ಷೆ ಮಾಡಿಸಿದರೆ ಗೊತ್ತಾಗಬಹುದು. ಇವರೂ ಮಾಡಿಸಿಲ್ಲ, ನಾನೂ ಕೇಳಿಲ್ಲ. ಆದರೆ ವರಮಹಾಲಕ್ಷ್ಮಿಯ ಮಾರನೆಯ ಬೆಳಿಗ್ಗೆ ಕಲಶದ ಅಕ್ಕಿಯನ್ನು ಪಾಯಸಕ್ಕೆ ತೆಗೆಯುವ ಮೊದಲು, ಬೇರೆ ಯಾರೂ ಅಡುಗೆಮನೆಯಲ್ಲಿ ಇಲ್ಲದಾಗ, ಅದನ್ನು ತಟ್ಟೆಯಲ್ಲಿ ಹರಡಿ ಒಮ್ಮೆ ಬೆರಳಾಡಿಸುತ್ತೇನೆ. ಏನೂ ಸಿಗುವುದಿಲ್ಲ. ಕೈ ತೊಳೆದುಕೊಂಡು ಹಾಲು ಕಾಯಿಸಲು ಇಡುತ್ತೇನೆ.